ಭದ್ರಾವತಿಯಿಂದ ಬರುತ್ತಿದ್ದ ಎಣ್ಣೆ

ಶಿವಮೊಗ್ಗ
18 ನವೆಂಬರ್ 2024

ಅಪ್ಪಾ,

ಪಕ್ಕದ ಮನೆ ಚೌಡಯ್ಯ ಮಾಮನಿಗೆ ಫೋನ್ ಮಾಡಿ ನಿನಗೆ ಹೇಳಿಸೋಣ ಎಂದುಕೊಂಡೆ. ಆದರೆ ಅವರು ನಿನ್ನ ಕಿವಿ ಹತ್ತಿರ ಕೂಗಿ ಹೇಳಿದರೆ ನಮ್ಮ ಮನೆ ವಿಷಯ ಇಡೀ ಬೀದಿಗೆ ಡಂಗುರ ಸಾರಿದ ಹಾಗೆ. ಕಿವಿಗೆ ಹಾಕುವ ಮೆಷಿನ್ನನ್ನು ನೀನು ಡಬ್ಬಿಯಲ್ಲೇ ಇಟ್ಟಿರುತ್ತೀಯ. ದೊಡ್ಡ ಫೋನು ಬೇಡ ಎಂದು ಹಠ ಬೇರೆ. ಹಾಗಾಗಿ ಕಾಗದವೇ ಗತಿ. ನಿನ್ನ ಗುರುತಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ.

ಇಂಪನಾಗೆ ಮೈಮೇಲೆ ಏನೋ ಆಗಿದೆ. ಹದಿನೈದು ದಿನದ ಹಿಂದೆ ಸ್ನಾನ ಮಾಡಿಸುವಾಗ ಎಡ ಮೊಣಕಾಲಿನ ಹಿಂದೆ ಒರಟೊರಟಾಗಿ ಕೈಗೆ ಸಿಕ್ಕಿತು. ನೀನು ಫ್ಯಾಕ್ಟರಿಯಲ್ಲಿ ಕಬ್ಬಿಣ ಉಜ್ಜುತ್ತಿದ್ದ ಎಮರಿ ಪೇಪರ್ ಮುಟ್ಟಿದ ಹಾಗೆ. ಚಳಿಗೆ ಒಡೆದಿದೆ ಎಂದು ಸುಮ್ಮನಾದೆ. ಈಗ ಎರಡೂ ಮೊಣಕೈ ಮಡಿಕೆಗೆ ಬಂದಿದೆ. ಕೆನ್ನೆಯ ಮೇಲೆ ಎರಡು ಕಡೆ ಬಣ್ಣ ಬಿಳಿಚಿಕೊಂಡು ಹೊಟ್ಟು ಏಳುತ್ತಿದೆ. ಮಗು ಕೆರೆದುಕೊಂಡು ಕೆರೆದುಕೊಂಡು ಅಳುತ್ತದೆ.

ಅತ್ತೆ ನಿನ್ನೆ ಮೆಲ್ಲಗೆ ಕೇಳಿದರು: "ತೊನ್ನೇನಾದ್ರೂ ಇರಬಹುದೇನೆ? ನಿಮ್ ಕಡೆ ಯಾರಿಗಾದ್ರೂ ಇತ್ತಾ?" ಈವತ್ತು ಬೆಳಿಗ್ಗೆಯೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಅದಲ್ಲ ಎಂದರು. ಇದು ಇಸುಬು, ಎಷ್ಟೋ ಮಕ್ಕಳಿಗೆ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಆದರೆ ಬೇಗ ಹೋಗುವುದೂ ಇಲ್ಲ ಎಂದರು. ಉಗುರು ಬೆಚ್ಚಗಿನ ನೀರು, ಸೋಪು ಕಡಿಮೆ, ಮೈ ಒರೆಸಿದ ಕೂಡಲೇ ಬಿಳಿ ಮುಲಾಮು ದಪ್ಪಕ್ಕೆ ಹಚ್ಚಬೇಕು, ದಿನಾ, ತಿಂಗಳುಗಟ್ಟಲೆ. ಜೊತೆಗೆ ಒಂದು ಚಿಕ್ಕ ಟ್ಯೂಬು ಬರೆದಿದ್ದಾರೆ, ಕೆಂಪಾದ ಕಡೆ ಮಾತ್ರ ಐದೇ ದಿನ. ಅದು ಸ್ಟೀರಾಯ್ಡ್ ಅಂತೆ. ಮೊಬೈಲಿನಲ್ಲಿ ಅದರ ಬಗ್ಗೆ ಓದಿ ಎತ್ತಿಟ್ಟುಬಿಟ್ಟೆ. ಹಚ್ಚಿಲ್ಲ.

ಭಯ ಆಗುತ್ತಿದೆ ಅಪ್ಪಾ. ಅಮ್ಮ ಇದ್ದಿದ್ದರೆ ಏನು ಮಾಡುತ್ತಿದ್ದಳು?

ಕವನ

*

ಭದ್ರಾವತಿ
21 ನವೆಂಬರ್ 2024

ಮಗಳು ಕವನಳಿಗೆ ಕಿವುಡಪ್ಪನ ಆಶೀರ್ವಾದ.

ತೊನ್ನಂತೆ ತೊನ್ನು! ನಿಮ್ಮತ್ತೆಗೆ ಹಗ್ಗ ಕಂಡರೂ ಹಾವು. ನಿನಗೂ ಎರಡು ವರ್ಷವಿದ್ದಾಗ ಕೈಮಡಿಕೆಯಲ್ಲಿ ಹೀಗೇ ಆಗಿತ್ತು ಮಾರಾಯ್ತಿ, ಮರೆತೆಯಾ? ಎಲ್ಲಿ ನೆನಪಿರುತ್ತೆ. ನಿಮ್ಮಮ್ಮ ಗರಿಕೆ ಅರೆದು ರಸ ಹಿಂಡಿ, ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸುತ್ತಿದ್ದಳು. ನೀರಿನ ಸದ್ದು ನಿಂತ ಮೇಲೆ ಇಳಿಸಬೇಕು ಅನ್ನುತ್ತಿದ್ದಳು. ನನಗೆ ಸದ್ದು ಕೇಳುವುದಿಲ್ಲವಲ್ಲ, ಗುಳ್ಳೆ ನೋಡಿ ಇಳಿಸಿದ್ದೇನೆ. ಫಿಟ್ಟರ್ ಕಣ್ಣು, ಮೋಸ ಹೋಗುವುದಿಲ್ಲ.

ಒಂದು ಬಾಟಲಿ ಕಳಿಸಿದ್ದೇನೆ. ದಿನಾ ಬೆಳಿಗ್ಗೆ ಮೈಗೆಲ್ಲ ತಿಕ್ಕಿ ಸ್ನಾನ ಮಾಡಿಸು. ಉಗುರು ಕತ್ತರಿಸು. ಕೋತಿ ಹುಣ್ಣು ಕೆರೆದು ಬ್ರಹ್ಮಾಂಡ ಮಾಡಿತು ಅನ್ನುವುದು ಸುಮ್ಮನೆ ಅಲ್ಲ. ಡಾಕ್ಟರು ಹೇಳಿದ್ದನ್ನೂ ಮಾಡು, ನಾನೇನು ಬೇಡ ಅನ್ನುವುದಿಲ್ಲ.

ಹೆದರಬೇಡ. ಅಮ್ಮ ಇಲ್ಲದಿದ್ದರೇನು, ಅವಳ ಎಣ್ಣೆ ಇದೆ.

ನಿನ್ನಪ್ಪ
ಪುಟ್ಟಪ್ಪ

*

ಶಿವಮೊಗ್ಗ
9 ಡಿಸೆಂಬರ್ 2024

ಅಪ್ಪಾ,

ಬರೆಯಬಾರದು ಎಂದಿದ್ದೆ. ಆದರೆ ಯಾರ ಹತ್ತಿರ ಹೇಳಲಿ.

ಎಣ್ಣೆ ನಾಟಲಿಲ್ಲ. ಹದಿನೇಳು ದಿನ ಹಚ್ಚಿದೆ. ಡಾಕ್ಟರ ಬಿಳಿ ಮುಲಾಮನ್ನು ಒಂದು ವಾರ ಹಚ್ಚಿ, ಏನೂ ಆಗಲಿಲ್ಲ ಎಂದು ಬಿಟ್ಟಿದ್ದೆ. ಈಗ ಕುತ್ತಿಗೆಗೂ ಬಂದಿದೆ. ಕೆರೆದ ಕಡೆ ಬಿರುಕು ಬಿಟ್ಟು ನೀರು ಸೋರುತ್ತದೆ. ಬಟ್ಟೆ ತೆಗೆಯುವಾಗ ಅಂಟಿಕೊಂಡು ರಕ್ತ ಬಂತು. ಇಂಪು ಕಿರುಚಿದ್ದಕ್ಕೆ ನಾನೂ ಅತ್ತುಬಿಟ್ಟೆ.

ಪ್ಲೇಹೋಮಿನ ಮೇಡಂ ಗೇಟಿನಲ್ಲೇ ನಿಲ್ಲಿಸಿ ಹೇಳಿದರು: "ನಮಗೇನೂ ಇಲ್ಲ ಮೇಡಂ, ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಿದಾರೆ. ಪೂರ್ತಿ ವಾಸಿ ಆದ್ಮೇಲೆ ಕರ್ಕೊಂಡು ಬನ್ನಿ." ಅಂಟುವುದಿಲ್ಲ ಎಂದು ಡಾಕ್ಟರ್ ಚೀಟಿ ತೋರಿಸಿದೆ. ಅವರು ಚೀಟಿ ನೋಡಲಿಲ್ಲ, ಮಗುವಿನ ಕೆನ್ನೆ ನೋಡಿದರು. ಪಾಠ ಬಿಟ್ಟು ನಾನೂ ಶಾಲೆಗೆ ರಜೆ ಹಾಕಿ ಕೂತಿದ್ದೇನೆ. ಹೆಡ್ ಮಾಸ್ಟರ್ ಎಷ್ಟು ದಿನ ಸುಮ್ಮನಿರುತ್ತಾರೋ ಗೊತ್ತಿಲ್ಲ.

ಲೋಹಿತ್ ಮನೆಗೆ ಬಂದ ಕೂಡಲೇ ಮಗಳ ಅಂಗಿ ಎತ್ತಿ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಏನೂ ಅನ್ನುವುದಿಲ್ಲ. ಅಂದುಬಿಟ್ಟರೆ ವಾಸಿ.

ಅಮ್ಮನ ಎಣ್ಣೆಯೂ ಸೋತಿತು ಅಪ್ಪಾ.

ಕವನ

*

ಭದ್ರಾವತಿ
12 ಡಿಸೆಂಬರ್ 2024

ಕವನ,

ಅಮ್ಮನ ಎಣ್ಣೆ ಸೋತಿಲ್ಲ. ನಾನು ಕಾಯಿಸಿದ್ದು ಸರಿ ಇರಲಿಲ್ಲ. ಈ ಬಾಟಲಿಯ ಹದ ಬೇರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೈಗೆಲ್ಲ ಹಚ್ಚು. ಹತ್ತು ದಿನಕ್ಕೊಂದು ಬಾಟಲಿ ಕಳಿಸುತ್ತೇನೆ.

ಮೊಮ್ಮಗಳನ್ನು ಗೇಟಿನಲ್ಲಿ ನಿಲ್ಲಿಸಿದವರ ಬಾಯಿ ಮುಚ್ಚಿಸುತ್ತೇನೆ, ನೋಡುತ್ತಿರು.

ಪುಟ್ಟಪ್ಪ

*

ಶಿವಮೊಗ್ಗ
24 ಡಿಸೆಂಬರ್ 2024

ಅಪ್ಪಾ!

ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು. ಮೂರನೇ ದಿನಕ್ಕೆ ಕೆಂಪು ಇಳಿಯಿತು. ವಾರಕ್ಕೆ ಕೆನ್ನೆ ನುಣ್ಣಗಾಯಿತು. ಈವತ್ತು ಮೊಣಕಾಲಿನ ಹಿಂದೆ ಕೈಯಾಡಿಸಿದರೆ ಎಲ್ಲಿತ್ತು ಎಂದೇ ತಿಳಿಯುವುದಿಲ್ಲ. ಮಗು ಮಧ್ಯಾಹ್ನ ಎರಡು ಗಂಟೆ ಕೆರೆದುಕೊಳ್ಳದೆ ಮಲಗಿತು. ಪಕ್ಕದಲ್ಲಿ ಕೂತು ನೋಡುತ್ತಲೇ ಇದ್ದೆ.

ಅತ್ತೆ ಬೀದಿಗೆಲ್ಲ ಹೇಳುತ್ತಿದ್ದಾರೆ: "ನಮ್ ಬೀಗ್ರು ಕಾಯ್ಸಿದ ಎಣ್ಣೆ ನೋಡಿ, ಡಾಕ್ಟ್ರೆಲ್ಲ ಮೂಗ್ಮೇಲೆ ಬೆರಳಿಡಬೇಕು!" ಎದುರುಮನೆಯವರು ಒಂದು ಬಾಟಲಿ ಸಿಗುತ್ತಾ ಎಂದು ಕೇಳಿದರು.

ಡಾಕ್ಟರ ಹತ್ತಿರ ಇನ್ನು ಹೋಗುವುದಿಲ್ಲ. ಮುಂದಿನ ಬಾಟಲಿ ತಡ ಮಾಡಬೇಡ.

ನಿನ್ನ
ಕವನ

*

ಶಿವಮೊಗ್ಗ
3 ಮಾರ್ಚ್ 2025

ಅಪ್ಪಾ,

ಇಂಪು ಈಗ ಗುಂಡಮ್ಮ. ಕೆನ್ನೆ ಪೂರಿ ಉಬ್ಬಿದ ಹಾಗೆ ಉಬ್ಬಿದೆ. ಸಂಕ್ರಾಂತಿಗೆ ಹೊಲಿಸಿದ ಲಂಗದ ಗುಂಡಿ ಹಾಕಲಿಕ್ಕೆ ಆಗುವುದಿಲ್ಲ. ಊಟಕ್ಕೆ ಕೂತರೆ ನನ್ನ ತಟ್ಟೆಗೂ ಕೈ ಹಾಕುತ್ತಾಳೆ. "ಮೈಕೈ ತುಂಬ್ಕೊಂಡ್ಲು" ಎಂದು ಅತ್ತೆ ದಿನಾ ದೃಷ್ಟಿ ತೆಗೆಯುತ್ತಾರೆ. ಪ್ಲೇಹೋಮಿನ ಮೇಡಂ ಕೂಡ ಎತ್ತಿ ಮುದ್ದಾಡಿದರು.

ಸಿಡುಕು ಮಾತ್ರ ಜಾಸ್ತಿ. ಸುಮ್ಮಸುಮ್ಮನೆ ಅಳುತ್ತಾಳೆ. ನಡೆಯುವುದಕ್ಕಿಂತ ಕೂರುವುದೇ ಹೆಚ್ಚು. ದಪ್ಪಗಾದದ್ದಕ್ಕಿರಬೇಕು.

ಹದಿನಾರನೇ ತಾರೀಖು ಭಾನುವಾರ ಅವಳ ಎರಡನೇ ಹುಟ್ಟುಹಬ್ಬ. ನೀನು ಬರಲೇಬೇಕು. ಎಲ್ಲರಿಗೂ ಎಣ್ಣೆ ತಾತನನ್ನು ನೋಡಬೇಕಂತೆ.

ಕವನ

*

ಭದ್ರಾವತಿ
20 ಮಾರ್ಚ್ 2025

ಕವನ,

ಭಾನುವಾರ ಕೇಕು ಕತ್ತರಿಸುವ ಮುಂಚೆ ನಾನು ಎದ್ದು ಬಂದೆ ಎಂದು ನಿನಗೆ ಬೇಜಾರಾಗಿದೆ. ಕೊನೆ ಬಸ್ಸು ಎಂದಿದ್ದು ಸುಳ್ಳು. ಭದ್ರಾವತಿಗೆ ಬಸ್ಸಿಗೇನು ಬರ.

ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಾಗ ಹಣೆಯಲ್ಲಿ, ಕೆನ್ನೆಯಲ್ಲಿ ಸಣ್ಣ ಕೂದಲು ಬಂದಿದ್ದು ನೋಡಿದೆ. ತೊಡೆಯ ಚರ್ಮದ ಕೆಳಗೆ ನರ ನೀಲಿಯಾಗಿ ಕಾಣುತ್ತಿತ್ತು. ಮುಖವೆಲ್ಲ ದಪ್ಪ, ಕೈಕಾಲು ಸಣ್ಣ. ಇದು ಮೈ ತುಂಬಿಕೊಂಡಿದ್ದಲ್ಲ ಅನ್ನಿಸಿತು. ಅಲ್ಲಿ ಎಲ್ಲರೂ ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ.

ಒಂದು ಸಲ ಡಾಕ್ಟರಿಗೆ ತೋರಿಸು. ನಾನು ಹೇಳಿದೆ ಎಂದು ಹೇಳಬೇಡ, ಸುಮ್ಮನೆ ತೋರಿಸು.

ಈ ಬಾಟಲಿ ಮೊದಲಿನ ಹದದ್ದು, ನಿಮ್ಮಮ್ಮನದು. ಇನ್ನು ಮುಂದೆ ಇದೇ. ಹಳೆ ಬಾಟಲಿಯಲ್ಲಿ ಉಳಿದಿದ್ದರೆ ಚೆಲ್ಲಿಬಿಡು. ಮರೆಯಬೇಡ.

ಪುಟ್ಟಪ್ಪ

*

ಶಿವಮೊಗ್ಗ
27 ಮಾರ್ಚ್ 2025

ಅಪ್ಪಾ,

ನೀನು ಯಾಕೆ ಹೀಗೆ ಮಾಡುತ್ತಿದ್ದೀಯ? ಹೇಳಿದ ಹಾಗೆ ಹಳೆಯದನ್ನು ಚೆಲ್ಲಿದೆ, ಹೊಸದು ಹಚ್ಚಿದೆ. ನಾಲ್ಕೇ ದಿನಕ್ಕೆ ಮೈಯೆಲ್ಲ ಕೆಂಪು. ಮೊದಲು ಇಲ್ಲದಿದ್ದ ಕಡೆಗೂ ಬಂದಿದೆ. ಬೆನ್ನು, ಹೊಟ್ಟೆ, ಕಣ್ಣಿನ ಸುತ್ತ. ಬೆಂಕಿ ತಾಗಿದ ಹಾಗೆ ಉರಿಯುತ್ತೆ ಅಂತ ಕಾಣುತ್ತೆ, ಮುಟ್ಟಲು ಬಿಡುವುದಿಲ್ಲ.

ಎರಡು ದಿನದಿಂದ ಊಟ ಬೇಡ ಅನ್ನುತ್ತಾಳೆ. ನನ್ನ ತಟ್ಟೆಗೆ ಕೈ ಹಾಕುತ್ತಿದ್ದ ಮಗು ಬಾಯಿ ಬಿಗಿ ಹಿಡಿದು ಮುಖ ತಿರುಗಿಸುತ್ತದೆ. ಸದಾ ಮಲಗಿರುತ್ತಾಳೆ. ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾಳೆ. ಡಾಕ್ಟರಮ್ಮ ಯುಗಾದಿ ರಜೆ ಮುಗಿಸಿ ಬರುವುದು ಒಂದನೇ ತಾರೀಖಿಗಂತೆ.

ನಿನ್ನ ಕಾಲಿಗೆ ಬೀಳುತ್ತೇನೆ, ಆ ಇನ್ನೊಂದು ಹದದ ಎಣ್ಣೆಯನ್ನೇ ಕಳಿಸು. ಬೇಗ.

ಕವನ

*

ಬಸ್ಸಿನಲ್ಲಿ
2 ಏಪ್ರಿಲ್ 2025, ಮಧ್ಯಾಹ್ನ

ಕವನ,

ಇದನ್ನು ಮೊದಲು ಡಾಕ್ಟರಿಗೆ ಕೊಡು. ನೀನು ಆಮೇಲೆ ಓದು.

ಡಾಕ್ಟರೇ, ನಾನು ಇಂಪನಾಳ ತಾತ. ಎಣ್ಣೆಯಲ್ಲಿ ಟ್ಯೂಬು ಬೆರೆಸಿದ್ದೇನೆ. ಡಿಸೆಂಬರ್ ಹನ್ನೆರಡರಿಂದ. ಒಂದು ಬಾಟಲಿಗೆ ಎರಡು ಟ್ಯೂಬು. ಒಟ್ಟು ಹತ್ತು ಬಾಟಲಿ. ದಿನಕ್ಕೆ ಎರಡು ಸಲ ಮೈಗೆಲ್ಲ ಹಚ್ಚಿದ್ದಾರೆ. ಮಾರ್ಚ್ ಇಪ್ಪತ್ತರಿಂದ ಒಮ್ಮೆಲೇ ನಿಲ್ಲಿಸಿದ್ದೇನೆ. ಖಾಲಿ ಟ್ಯೂಬು, ಅದರ ಡಬ್ಬಿ, ಒಳಗಿದ್ದ ಕಾಗದ ಎಲ್ಲ ಚೀಲದಲ್ಲಿದೆ. ಮಗಳಿಗೆ ಏನೂ ಗೊತ್ತಿಲ್ಲ. ಅವಳನ್ನು ಬೈಯಬೇಡಿ. ನನಗೆ ಕಿವಿ ಕೇಳುವುದಿಲ್ಲ, ಏನು ಕೇಳುವುದಿದ್ದರೂ ಬರೆದು ಕೇಳಿ.

ಇನ್ನು ನಿನಗೆ.

ಬೆಳಿಗ್ಗೆ ಹನ್ನೊಂದಕ್ಕೆ ಚೌಡಯ್ಯ ಫೋನು ಹಿಡಿದುಕೊಂಡು ಓಡಿಬಂದ. ಮಗುವಿಗೆ ಜ್ವರ, ವಾಂತಿ, ಈಗ ಕೈಕಾಲು ತಣ್ಣಗಾಗಿ ಕುತ್ತಿಗೆ ನಿಲ್ಲುತ್ತಿಲ್ಲ, ಆಸ್ಪತ್ರೆಗೆ ಸೇರಿಸಿದ್ದೀರಿ ಎಂದ. ಆಮೇಲೆ ನನ್ನ ಕಿವಿಗೆ ಬಾಯಿಟ್ಟು ಕೂಗಿದ: "ಡಾಕ್ಟ್ರು ಕೇಳ್ತಿದಾರಂತೆ ಕಣೋ, ಎಣ್ಣೆಗೆ ಏನಾದ್ರೂ ಬೆರ್ಸಿದೀಯಾ?" ಓಣಿಯಲ್ಲಿ ನಾಲ್ಕು ಜನ ನಿಂತಿದ್ದರು. "ಗರಿಕೆ ಬಿಟ್ರೆ ಏನಿಲ್ಲ" ಎಂದೆ. ಬಾಯಿಂದ ಬಂದುಬಿಟ್ಟಿತು. ಚೌಡಯ್ಯ ಅದನ್ನೇ ಫೋನಿನಲ್ಲಿ ಹೇಳಿದ. ಆಮೇಲೆ ಎರಡು ಗಂಟೆ ಒಲೆ ಮುಂದೆ ಕೂತಿದ್ದೆ. ಎರಡು ಗಂಟೆ, ಕವನ. ಆ ಹೊತ್ತಿನಲ್ಲಿ ಮಗುವಿಗೆ ಏನಾದರೂ ಆಗಿದ್ದರೆ ಅದಕ್ಕೆ ಬೇರೆ ಯಾರೂ ಹೊಣೆಯಲ್ಲ.

ಅಮ್ಮನ ಎಣ್ಣೆ ಸೋತಿತು ಎಂದು ನೀನು ಬರೆದಾಗ ತಡೆಯಲಾಗಲಿಲ್ಲ. ಚೌಡಯ್ಯನಿಗೆ ಕಾಲಿನಲ್ಲಿ ತುರಿ ಇತ್ತು. ಮೆಡಿಕಲ್‌ನಿಂದ ಒಂದು ಟ್ಯೂಬು ತಂದು ಹಚ್ಚಿ ಎರಡೇ ದಿನಕ್ಕೆ ವಾಸಿ ಮಾಡಿಕೊಂಡಿದ್ದ. ನೀನು ಟ್ಯೂಬಿಗೆ ಹೆದರುವವಳು, ಕೊಟ್ಟರೆ ಹಚ್ಚುವುದಿಲ್ಲ ಎಂದು ಗೊತ್ತಿತ್ತು. ಅದೇ ಟ್ಯೂಬು ತಂದು, ಎಣ್ಣೆ ಆರಿದ ಮೇಲೆ ಹಿಂಡಿ ಕಲಸಿದೆ. ವಾಸಿಯಾಯಿತು ಎಂದು ನೀನು ಬರೆದ ಕಾಗದವನ್ನು ಎಷ್ಟು ಸಲ ಓದಿದೆನೋ. ಆಮೇಲೆ ಹೇಳುವುದು ಹೇಗೆ? ಬಾಯಲ್ಲಿ ಬಿಸಿತುಪ್ಪ.

ಹುಟ್ಟುಹಬ್ಬದ ದಿನ ಅವಳ ಮುಖ ನೋಡಿ ಹೆದರಿದೆ. ಚೌಡಯ್ಯನ ಮೊಮ್ಮಗಳು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದುತ್ತಾಳಲ್ಲ, ಡಬ್ಬಿಯೊಳಗಿನ ಇಂಗ್ಲಿಷ್ ಕಾಗದ ಅವಳ ಹತ್ತಿರ ಓದಿಸಿದೆ. ಚಿಕ್ಕ ಮಕ್ಕಳಿಗೆ ಬಳಸಬಾರದು, ದೊಡ್ಡವರಿಗೂ ಎರಡು ವಾರದ ಮೇಲೆ ಬೇಡ ಎಂದಿತ್ತಂತೆ. ಆವತ್ತೇ ನಿಲ್ಲಿಸಿದೆ. ನಿಲ್ಲಿಸಿದರೆ ಮುಗಿಯಿತು ಎಂದುಕೊಂಡೆ. ಈಗ ಬರುವಾಗ ಅದೇ ಮೆಡಿಕಲ್‌ಗೆ ಹೋಗಿ ಕೇಳಿದೆ. ಔಷಧಿ ಕೊಡುವ ಹುಡುಗಿ ಚೀಟಿಯಲ್ಲಿ ಬರೆದು ತೋರಿಸಿದಳು: ಇದು ಜೋರಾದ ಸ್ಟೀರಾಯ್ಡ್, ಇಷ್ಟು ದಿನ ಹಚ್ಚಿ ಒಮ್ಮೆಲೇ ಬಿಡಬಾರದು, ಮೈ ತನಗೆ ಬೇಕಾದ ಸ್ಟೀರಾಯ್ಡನ್ನು ತಾನೇ ಮಾಡಿಕೊಳ್ಳುವುದನ್ನು ಮರೆತಿರುತ್ತೆ, ಬೇಗ ಡಾಕ್ಟರಿಗೆ ಹೇಳಿ.

ಹಚ್ಚಿದ್ದೂ ಕಳ್ಳತನದಲ್ಲಿ, ಬಿಟ್ಟಿದ್ದೂ ಕಳ್ಳತನದಲ್ಲಿ. ನಿನ್ನ ಮೊನ್ನೆಯ ಕಾಗದ ಐದು ದಿನದಿಂದ ಜೇಬಿನಲ್ಲೇ ಇದೆ.

ಬಸ್ಸು ಕುಲುಕುತ್ತಿದೆ, ಅಕ್ಷರ ನೆಟ್ಟಗಿಲ್ಲ. ನಿನ್ನ ಮುಖ ನೋಡಿದರೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆದಿದ್ದು. ದೇವರೇ, ಈ ಡ್ರೈವರ್ ಇನ್ನಷ್ಟು ಜೋರಾಗಿ ಓಡಿಸಬಾರದಾ.

ಅಪ್ಪ

*

ಭದ್ರಾವತಿ
21 ಏಪ್ರಿಲ್ 2025

ಕವನಳಿಗೆ,

ಮಗು ಮನೆಗೆ ಬಂತು ಎಂದು ಚೌಡಯ್ಯ ಹೇಳಿದ. ನೀನು ಅವನಿಗೆ ಫೋನ್ ಮಾಡಿದ್ದೆಯಂತೆ. ನನಗೆ ಹೇಳಿ ಎಂದೆಯೋ, ಅವನೇ ಹೇಳಿದನೋ ಕೇಳಲಿಲ್ಲ.

ಆವತ್ತು ಆಸ್ಪತ್ರೆಯಲ್ಲಿ ಲೋಹಿತ್ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ನಾನು ಅವನ ಜಾಗದಲ್ಲಿದ್ದಿದ್ದರೆ ಬರೀ ಬಾಯಲ್ಲಿ ಬಿಡುತ್ತಿರಲಿಲ್ಲ. ಎಲ್ಲ ಕೇಳಿಸಲಿಲ್ಲ, ತುಟಿ ನೋಡಿ ಗೊತ್ತಾಯಿತು. "ಇನ್ಮೇಲೆ ನಮ್ ಮನೆ ಮೆಟ್ಲು ಹತ್ಬೇಡಿ" ಎಂದಿದ್ದು ಗೊತ್ತಾಯಿತು. ಹತ್ತುವುದಿಲ್ಲ.

ಎಣ್ಣೆ ಕಾಯಿಸುವ ಬಾಣಲೆಯನ್ನು ಗುಜರಿಗೆ ಹಾಕಿದೆ.

ಒಂದೇ ಒಂದು ಕೇಳುತ್ತೇನೆ. ತಿಂಗಳಿಗೊಮ್ಮೆ ಎರಡು ಸಾಲು ಬರೆ. ಅವಳು ಎದ್ದು ಓಡಾಡುತ್ತಾಳಾ, ಉಣ್ಣುತ್ತಾಳಾ, ಅಷ್ಟೇ. ನನ್ನ ಬಗ್ಗೆ ಏನೂ ಬರೆಯುವುದು ಬೇಡ.

ಪುಟ್ಟಪ್ಪ

*

ಶಿವಮೊಗ್ಗ
4 ಮೇ 2025

ಅಪ್ಪಾ,

ಎದ್ದು ಓಡಾಡುತ್ತಾಳೆ. ಉಣ್ಣುತ್ತಾಳೆ. ನಿನ್ನೆ ಬಕೆಟ್ ಮೇಲೆ ಹತ್ತಿ ಬಿದ್ದಳು, ಬಿದ್ದು ನಕ್ಕಳು.

ನಿನ್ನ ಕಾಗದ ಕೈಗೆ ಬಂದ ಕೂಡಲೇ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಗಂಟೆಯೊಳಗೆ ಕೈ ಬೆಚ್ಚಗಾಯಿತು. ಎಷ್ಟು ಟ್ಯೂಬು, ಎಷ್ಟು ದಿನ, ಯಾವತ್ತು ಬಿಟ್ಟಿದ್ದು ಎಂದು ಇಷ್ಟು ಸರಿಯಾಗಿ ಬರೆದು ತಂದವರನ್ನು ನಾನು ನೋಡಿಲ್ಲ ಎಂದರು. ಅದನ್ನು ನಿನಗೆ ಯಾರೂ ಹೇಳಲಿಲ್ಲ.

ಈಗ ಸ್ಟೀರಾಯ್ಡಿನದೇ ಮಾತ್ರೆ ನಡೆಯುತ್ತಿದೆ. ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಇನ್ನೂ ಎಷ್ಟೋ ತಿಂಗಳು. ಒಂದು ದಿನವೂ ತಪ್ಪಬಾರದು. ಅಲ್ಲಿಯವರೆಗೆ ಒಂದು ಸಣ್ಣ ಜ್ವರ ಬಂದರೂ ಮಾತ್ರೆ ಜಾಸ್ತಿ ಮಾಡಿ ಆಸ್ಪತ್ರೆಗೆ ಓಡಬೇಕು. ಮೈಗೆ ಡಾಕ್ಟರು ನವೆಂಬರಿನಲ್ಲಿ ಹೇಳಿದ್ದನ್ನೇ ಮಾಡುತ್ತಿದ್ದೇನೆ. ಉಗುರು ಬೆಚ್ಚಗಿನ ನೀರು, ಒತ್ತಿ ಒರೆಸುವುದು, ಹಸಿ ಇರುವಾಗಲೇ ಬಿಳಿ ಮುಲಾಮು. ಕೆಂಪಾದ ಕಡೆ ಮಾತ್ರ, ಅವರು ಹೇಳಿದಷ್ಟೇ ದಿನ, ಅವರು ಬರೆದ ಚಿಕ್ಕ ಟ್ಯೂಬು. ನಿಧಾನಕ್ಕೆ ಕಡಿಮೆಯಾಗುತ್ತಿದೆ. ಆವತ್ತೇ ಆ ಐದು ದಿನ ಅದನ್ನು ಹಚ್ಚಿದ್ದಿದ್ದರೆ!

ಇನ್ನೊಂದು ವಿಷಯ ಬರೆಯಬೇಕು. ಮೂರು ಕಾಗದ ಹರಿದೆ.

ಜನವರಿಯ ಒಂದು ಚಳಿ ಬೆಳಿಗ್ಗೆ ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟಿತ್ತು. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟೆ. ಎಣ್ಣೆಯೆಲ್ಲ ಕರಗಿ ತಿಳಿಯಾಯಿತು, ತಳದಲ್ಲಿ ಬೆಳ್ಳಗಿನದು ಮಾತ್ರ ಕರಗಲಿಲ್ಲ. ಕಡ್ಡಿಯಲ್ಲಿ ತೆಗೆದು ಮೂಸಿ ನೋಡಿದೆ. ಗರಿಕೆಯ ವಾಸನೆ ಅಲ್ಲ, ಔಷಧಿಯದು. ಗೊತ್ತಾಯಿತು ಅಪ್ಪಾ. ಏನು ಎಂದು ಪೂರ್ತಿ ಗೊತ್ತಾಗಲಿಲ್ಲ, ಆದರೆ ಏನೋ ಬೆರೆಸಿದ್ದೀಯ ಎಂದು ಗೊತ್ತಾಯಿತು. ಮಗುವಿನ ಮೈ ನುಣ್ಣಗಾಗಿತ್ತು. ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ಎಲ್ಲರೂ ನನ್ನ ಜೊತೆ ನಗುತ್ತಾ ಮಾತಾಡುತ್ತಿದ್ದರು. ಕೇಳಿದರೆ ನೀನು ಹೇಳಿಬಿಡುತ್ತೀಯ, ಹೇಳಿದರೆ ನಿಲ್ಲಿಸಬೇಕಾಗುತ್ತೆ. ಅದಕ್ಕೇ ಕೇಳಲಿಲ್ಲ. ಬಾಟಲಿ ಅಲ್ಲಾಡಿಸಿ ಹಚ್ಚಿದೆ. ಆಮೇಲೆ ದಿನಾ ಅಲ್ಲಾಡಿಸಿಯೇ ಹಚ್ಚಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ಕೇಳಿದರು: "ನಿಮ್ಗೇನೂ ಡೌಟ್ ಬರ್ಲಿಲ್ವಾಮ್ಮಾ?" ನೀನು ಬರುವ ಮೊದಲೂ ಕೇಳಿದ್ದರು, ನೀನು ಬಂದ ಮೇಲೂ ಕೇಳಿದರು. ಎರಡು ಸಲವೂ ಇಲ್ಲ ಎಂದೆ. ನೀನು ಒಂದು ಸಲ ಸುಳ್ಳು ಹೇಳಿ ಬಸ್ಸು ಹತ್ತಿದೆ. ನಾನು ಅಲ್ಲೇ ಮಗುವಿನ ಪಕ್ಕದಲ್ಲಿ ಕೂತಿದ್ದೆ, ಮಗುವಿನ ಕೈ ತಣ್ಣಗಾಗುವುದು ನನ್ನ ಕೈಗೇ ಗೊತ್ತಾಗುತ್ತಿತ್ತು, ಆದರೂ ಹೇಳಲಿಲ್ಲ. ಲೋಹಿತ್ ನಿನಗೆ ಬೈಯುವಾಗ ಗೋಡೆ ನೋಡುತ್ತಾ ನಿಂತಿದ್ದೆ. ನಿನಗೆ ಹೇಗೂ ಕೇಳಿಸುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಿನ್ನೆ ಲೋಹಿತ್‌ಗೆ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಎದ್ದು ಹೋಗಿ ಮಾತ್ರೆಯನ್ನೂ ಅದರ ಚೀಟಿಯನ್ನೂ ತಂದು, "ಇನ್ಮೇಲೆ ನಾನೇ ಕೊಡ್ತೀನಿ" ಎಂದು ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ಈವತ್ತು ಬೆಳಿಗ್ಗೆ ಅವರೇ ಹೇಳಿದರು: "ನಿಮ್ಮಪ್ಪನ್ನ ಬರಕ್ಕೆ ಹೇಳು."

ಬಾ ಅಪ್ಪಾ. ಏನೂ ತರಬೇಡ, ಬರಿಗೈಯಲ್ಲಿ ಬಾ. ಮೈ ಬಿಸಿ ಇದೆಯಾ ಎಂದು ಗಂಟೆಗೊಂದು ಸಲ ಅವಳ ಹಣೆ ಮುಟ್ಟಿ ಮುಟ್ಟಿ ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲ. ನೀನೂ ಒಂದು ಸಲ ಮುಟ್ಟಿ ಹೇಳು.

ಕವನ